ಬಿಡಲೊಲ್ಲದ ತಿರುಪುಗಳು

ಬಂಡಿಯಾಗಲಿ ಮೋಟಾರಾಗಲಿ, ಅದನ್ನು ಕಟ್ಟುವ ವಿದ್ಯೆಗಿಂತ ಬಿಚ್ಚುವ ವಿದ್ಯೆ ಕಷ್ಟವಾದುದು. ಹೊಸ ಬೋಲ್ಟಿಗೆ ಹೊಸ ನಟ್ಟನ್ನು ತೊಡಿಸಲು ಹತ್ತು ವರ್ಷದ ಬಾಲಕನೂ ಬಲ್ಲನು. ಅದೇ ಬೋಲ್ಟು ಟ್ರಾಕ್ಟರಿನ ಟ್ರೇಲರಿನ ಅಡಿಯಲ್ಲಿ ಆರು ಮುಂಗಾರುಗಳನ್ನು ಕಳೆದು, ಧೂಳನ್ನೂ ಕೆಸರನ್ನೂ ಗೊಬ್ಬರದ ನೀರನ್ನೂ ಕುಡಿದ ಮೇಲೆ, ಅನುಭವಸ್ಥರಾದ ಹಿರಿಯರೂ ಅದರ ಮುಂದೆ ಸ್ಪಾನರನ್ನು ಕೆಳಗಿಟ್ಟು ಬೆವರೊರಸಿಕೊಳ್ಳುವುದುಂಟು. ಅಂತಹ ಬಿಡಲೊಲ್ಲದ ನಟ್ಟು ಬೋಲ್ಟುಗಳ ವಿಚಾರವನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಶಾಲೆಯ ಸಂಚಿಕೆಯಲ್ಲಿ ಇಂತಹ ಮಾತೇಕೆ ಎಂದು ಕೆಲವರು ಕೇಳಬಹುದು. ಹಿಂದೂಪುರದಿಂದ ಮಡಕಶಿರೆಯ ಸೀಮೆಯನ್ನು ಹಾಯ್ದು ಕಲ್ಯಾಣದುರ್ಗದವರೆಗಿನ ಹಳ್ಳಿಗಳಲ್ಲಿ ಟ್ರೇಲರು, ಸರಕಿನ ಆಟೋ, ಹಳೆಯ ಜೀಪು ಇವುಗಳನ್ನು ನಂಬಿ ಬದುಕುವ ಮನೆಗಳು ಅನೇಕ. ೨೦೨೨ರ ಏಪ್ರಿಲಿನಲ್ಲಿ ಅನಂತಪುರ ಜಿಲ್ಲೆ ಒಡೆದು ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆ ಎರಡಾದರೂ ರಸ್ತೆಯ ಗುಂಡಿಗಳು ಗಡಿಯನ್ನು ಲೆಕ್ಕಿಸುವುದಿಲ್ಲ. ಕಮಾನು ಮುರಿಯುತ್ತದೆ, ಬುಷ್ ಸವೆಯುತ್ತದೆ. ಊರಿನ ಗ್ಯಾರೇಜಿಗೆ ಹೋದರೆ ಒಂದು ದಿನದ ದುಡಿಮೆಯೂ ಕೂಲಿಯೂ ಹೋಗುತ್ತವೆ. ಆದುದರಿಂದ ಮನೆಯ ಅಂಗಳದಲ್ಲಿಯೇ ತಂದೆ ಬಿಚ್ಚುವುದು, ಮಗ ದೀಪ ಹಿಡಿಯುವುದು ಸಹಜ. ಆ ದೀಪ ಹಿಡಿಯುವ ಮಗನೂ ಮಗಳೂ ನಮ್ಮ ವಿದ್ಯಾರ್ಥಿಗಳೇ. ಅವರಿಗೆ ತಿಳಿದಿರಬೇಕಾದುದು ಎರಡು: ಆ ನಟ್ಟು ಏಕೆ ಬಿಡುತ್ತಿಲ್ಲ ಎಂಬುದು, ಯಾವ ಹಂತದಲ್ಲಿ ಅಪ್ಪನಿಗೆ ‘ಇನ್ನು ಸಾಕು, ಬಿಡಿ’ ಎನ್ನಬೇಕು ಎಂಬುದು.

ಮೊದಲು ಕಮಾನಿನ ಪರಿಚಯ. ಗಾಲಿಗೆ ತಗುಲಿದ ಪೆಟ್ಟು ನೇರವಾಗಿ ಗಾಡಿಯ ಮೈಗೆ ಮುಟ್ಟದಂತೆ ನಡುವೆ ನಿಂತು ಅದನ್ನು ನುಂಗುವ ಏರ್ಪಾಡೇ ಕಮಾನು. ಟ್ರೇಲರು, ಲಾರಿ, ಜೀಪುಗಳಲ್ಲಿ ಇದು ಒಂದರ ಮೇಲೊಂದು ಕೂಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಕಾರುಗಳಲ್ಲಿ ಬಹುಮಟ್ಟಿಗೆ ಸುರುಳಿ ಸ್ಪ್ರಿಂಗು. ಪಟ್ಟಿಗಳ ಕಟ್ಟನ್ನು ಅಚ್ಚಿಗೆ ಬಿಗಿಯುವುದು ಯು ಆಕಾರದ ಬೋಲ್ಟು. ಪಟ್ಟಿಗಳನ್ನು ಚೆದುರದಂತೆ ಹಿಡಿಯುವುದು ನಡುವಿನ ಸೆಂಟರ್ ಬೋಲ್ಟು. ಎರಡು ತುದಿಗಳನ್ನು ಗಾಡಿಯ ಚೌಕಟ್ಟಿಗೆ ತೂಗುಹಾಕುವುದು ಶಾಕಲ್ ಮತ್ತು ಅದರ ಪಿನ್ನು. ಇವುಗಳೆಲ್ಲ ಇರುವ ಜಾಗವೇ ಗಾಲಿ ಎರಚುವ ಕೆಸರಿನ ದಾರಿ ಎಂಬುದನ್ನು ಗಮನಿಸಿರಿ.

ನಮ್ಮದು ಮಳೆ ಕಡಮೆಯಾದ ಸೀಮೆ. ಅನಂತಪುರದ ಸರಾಸರಿ ಮಳೆ ವರ್ಷಕ್ಕೆ ಸುಮಾರು ೫೫೦ ಮಿ.ಮೀ. ಮಂಗಳೂರು, ಕಾಸರಗೋಡುಗಳ ಕಡೆ ಅದು ೩೦೦೦ ಮಿ.ಮೀ.ನ್ನು ಮೀರುವುದು. ಇಷ್ಟು ಒಣಗಿದ ನಾಡಿನಲ್ಲಿಯೂ ಕಬ್ಬಿಣ ತುಕ್ಕು ಹಿಡಿಯುವುದೇಕೆ? ತುಕ್ಕಿಗೆ ಮಳೆಯ ರಾಶಿ ಬೇಕಿಲ್ಲ. ಆಮ್ಲಜನಕವೂ ತುಸು ತೇವವೂ ಇದ್ದರೆ ಸಾಕು. ಆ ತೇವದಲ್ಲಿ ಉಪ್ಪು ಕರಗಿದ್ದರೆ ಕೆಲಸ ಇನ್ನೂ ವೇಗವಾಗುವುದು. ಟ್ರೇಲರಿನಲ್ಲಿ ಸಾಗಿಸುವ ಯೂರಿಯಾ ಮೊದಲಾದ ಗೊಬ್ಬರಗಳು ಗಾಳಿಯ ತೇವವನ್ನು ತಾವೇ ಹೀರಿಕೊಳ್ಳುವಂಥವು. ತಿಪ್ಪೆಗೊಬ್ಬರದ ರಸವೂ ಉಪ್ಪಿನದೇ. ಗಾಡಿಯನ್ನು ತೊಳೆಯುವ ಕೊಳವೆಬಾವಿಯ ನೀರು ಗಡಸಾದುದು. ಒಣಗಿದಾಗ ಬಿಳಿಯ ಕರೆಯನ್ನು ಬಿಟ್ಟುಹೋಗುವುದನ್ನು ನಮ್ಮ ಮನೆಗಳ ಹಂಡೆಗಳಲ್ಲಿಯೇ ಕಾಣಬಹುದು. ಕೆರೆಯಂಗಳದ ಹೂಳು ಪಟ್ಟಿಗಳ ಸಂದಿನಲ್ಲಿ ಸೇರಿದರೆ ಒದ್ದೆಯ ಬಟ್ಟೆಯನ್ನು ಸುತ್ತಿಟ್ಟಂತೆ ವಾರಗಟ್ಟಲೆ ತೇವವನ್ನು ಹಿಡಿದಿಡುವುದು. ಮಳೆ ಬಿದ್ದ ದಿನ ತೊಯ್ದು ಮರುದಿನ ಒಣಗುವ ಬಯಲಿನ ಕಬ್ಬಿಣಕ್ಕಿಂತ, ಹೀಗೆ ಮಣ್ಣಿನ ಪಟ್ಟು ಕಟ್ಟಿಸಿಕೊಂಡ ಕಬ್ಬಿಣವೇ ಬೇಗ ಕೆಡುವುದು.

ತುಕ್ಕು ಕಬ್ಬಿಣವನ್ನು ತಿನ್ನುವುದು ಎಲ್ಲರಿಗೂ ತಿಳಿದ ಮಾತು. ಅದು ಉಬ್ಬುವುದು ಎಂಬ ಸಂಗತಿ ಅಷ್ಟಾಗಿ ತಿಳಿಯದು. ಕಬ್ಬಿಣ ತುಕ್ಕಾದಾಗ ಮೊದಲಿನದಕ್ಕಿಂತ ಎರಡು ಪಾಲಿಗೂ ಹೆಚ್ಚು, ಕೆಲವೊಮ್ಮೆ ನಾಲ್ಕೈದು ಪಾಲು ಜಾಗವನ್ನು ಬೇಡುತ್ತದೆ. ಅಥೆನ್ಸ್ ನಗರದ ಅಕ್ರೊಪೊಲಿಸ್ ಗುಡ್ಡದ ಮೇಲಿನ ಪ್ರಾಚೀನ ದೇಗುಲಗಳನ್ನು ೨೦ನೆಯ ಶತಮಾನದ ಆರಂಭದ ದಶಕಗಳಲ್ಲಿ ನಿಕೊಲಾವೋಸ್ ಬಲಾನೋಸ್ ಎಂಬ ಇಂಜಿನಿಯರು ಜೀರ್ಣೋದ್ಧಾರ ಮಾಡಿದಾಗ ಅಮೃತಶಿಲೆಯ ತುಂಡುಗಳನ್ನು ಕಬ್ಬಿಣದ ಬಂಧಗಳಿಂದ ಜೋಡಿಸಿದನು. ಆ ಬಂಧಗಳು ತುಕ್ಕು ಹಿಡಿದು ಉಬ್ಬಿ ಕಲ್ಲುಗಳನ್ನೇ ಸೀಳಿದವು. ಮುಂದಿನವರು ಅವನ್ನೆಲ್ಲ ಕಿತ್ತು ತುಕ್ಕು ಹಿಡಿಯದ ಟೈಟೇನಿಯಂ ಲೋಹವನ್ನು ಇಡಬೇಕಾಯಿತು. ಕಲ್ಲುಕುಟಿಗನು ಬಂಡೆಯನ್ನು ಸೀಳಲು ಬೆಣೆ ಹೊಡೆಯುವಂತೆ ತುಕ್ಕು ತಾನೇ ಬೆಣೆಯಾಗುತ್ತದೆ. ಅಮೃತಶಿಲೆಯನ್ನು ಸೀಳಬಲ್ಲ ಬೆಣೆ, ನಟ್ಟಿಗೂ ಬೋಲ್ಟಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ಹುಟ್ಟಿದರೆ ಎಷ್ಟು ಬಿಗಿಯಾದೀತು ಎಂದು ಊಹಿಸಿಕೊಳ್ಳಿರಿ.

ಇನ್ನೊಂದು ಕಾರಣವೂ ಉಂಟು. ನಾವು ನಟ್ಟನ್ನು ಬಿಗಿಯುವಾಗ ನಮ್ಮ ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯುವ ಉಪಯುಕ್ತ ಕೆಲಸಕ್ಕೆ ಸಲ್ಲುತ್ತದೆ. ಹೆಚ್ಚುಕಡಮೆ ಅರ್ಧ ನಟ್ಟಿನ ತಳದ ಉಜ್ಜಾಟದಲ್ಲಿಯೂ, ಉಳಿದುದು ತಿರುಪಿನ ಸುತ್ತುಗಳ ಉಜ್ಜಾಟದಲ್ಲಿಯೂ ಖರ್ಚಾಗುತ್ತದೆ. (ಈ ಸುತ್ತುಗಳನ್ನೇ ಗ್ಯಾರೇಜಿನವರು ಥ್ರೆಡ್ಡು ಎನ್ನುವರು.) ಹೊಳೆಯುವ ಹೊಸ ಲೋಹದಲ್ಲಿಯೇ ಹೀಗಾದರೆ, ತುಕ್ಕಿನ ಒರಟು ಮೈಗಳ ನಡುವೆ ಉಜ್ಜಾಟ ಹಲವು ಮಡಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಬಿಚ್ಚುವವನು ಹೋರಾಡಬೇಕಾದುದು ಈ ಉಜ್ಜಾಟದೊಡನೆ, ಬೋಲ್ಟಿನೊಡನೆ ಅಲ್ಲ. ಇದನ್ನು ಮರೆತವರು ಬೋಲ್ಟನ್ನು ಮುರಿಯುತ್ತಾರೆ.

ಕೆಲಸಕ್ಕೆ ಕೈಯಿಡುವ ಮುನ್ನ ಗಾಡಿಯನ್ನು ನಿಲ್ಲಿಸುವ ಬಗೆಯನ್ನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ. ಬಿಡಲೊಲ್ಲದ ನಟ್ಟನ್ನು ಜಗ್ಗುವುದೆಂದರೆ ಗಾಡಿಯನ್ನೇ ಪಕ್ಕಕ್ಕೆ ಜಗ್ಗಿದಂತೆ. ಜಾಕಿ ಎಂಬುದು ಎತ್ತುವ ಸಾಧನ. ಹೊತ್ತು ನಿಲ್ಲುವ ಸಾಧನವಲ್ಲ. ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ತಲೆ ಹಾಕುವುದು ಹಗ್ಗವಿಲ್ಲದೆ ಬಾವಿಗಿಳಿದಂತೆ. ನಮ್ಮ ಕಡೆ ಕಲ್ಲು ಧಾರಾಳ. ಸೈಜುಗಲ್ಲನ್ನು ಪೇರಿಸಿ ಗಾಡಿಯನ್ನು ಕೂರಿಸುವ ಅಭ್ಯಾಸ ಬಹಳ. ಕಲ್ಲು ಭಾರವನ್ನು ಹೊರುವುದೇನೋ ನಿಜ, ಆದರೆ ಉಕ್ಕಿನ ಮೂಲೆಯೊಂದು ಒತ್ತಿದ ಬಿಂದುವಿನಲ್ಲಿ ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಸಿಡಿದು ಸೀಳುವುದು. ಟೊಳ್ಳು ಇಟ್ಟಿಗೆಯಂತೂ ಕೂಡದು. ಉಕ್ಕಿನ ಸ್ಟಾಂಡು, ಅದಿಲ್ಲವಾದರೆ ಅಡ್ಡಡ್ಡಲಾಗಿ ಪೇರಿಸಿದ ಅಗಲವಾದ ಗಟ್ಟಿಮರದ ದಿಮ್ಮಿಗಳು ಮೇಲು. ಮರ ಮುರಿಯುವ ಮೊದಲು ಕಿರುಗುಟ್ಟಿ ಎಚ್ಚರಿಸುವುದು. ನೆಲ ಸಮವಾಗಿಯೂ ಗಟ್ಟಿಯಾಗಿಯೂ ಇರಬೇಕು. ಎತ್ತದ ಗಾಲಿಗಳಿಗೆ ಎರಡೂ ಬದಿಯಲ್ಲಿ ಅಡ್ಡಗಲ್ಲು ಕೊಡಬೇಕು. ಗಾಡಿಯನ್ನು ಕೂರಿಸಿದ ಮೇಲೆ ಪಕ್ಕದಲ್ಲಿ ನಿಂತು ಒಮ್ಮೆ ಬಲವಾಗಿ ತಳ್ಳಿ ನೋಡಬೇಕು. ಅಲುಗಿದರೆ ಮತ್ತೆ ಕೂರಿಸಬೇಕು. ಬಿಚ್ಚಿದ ಗಾಲಿಯನ್ನು ಚೌಕಟ್ಟಿನ ಅಡಿಗೆ ಮಲಗಿಸಿಡುವುದು ಒಳ್ಳೆಯ ಪದ್ಧತಿ. ಎಲ್ಲವೂ ತಪ್ಪಿದಾಗ ಒಂದು ಗೇಣು ಜಾಗವನ್ನು ಅದು ಉಳಿಸುವುದು. ಮಕ್ಕಳು ದೀಪ ಹಿಡಿಯುವುದಾದರೆ ಹೊರಗೆ ಕುಳಿತು ಹಿಡಿಯಲಿ.

ಇನ್ನು ಸ್ಪಾನರು, ನಮ್ಮ ಸೀಮೆಯ ಮಾತಿನಲ್ಲಿ ಪಾನ. ಇದರಲ್ಲಿ ಒಂದು ಚರಿತ್ರೆಯ ತೊಡಕಿದೆ. ೧೮೪೧ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬಾತನು ತಿರುಪುಗಳಿಗೆಲ್ಲ ಒಂದೇ ಅಳತೆ ಇರಬೇಕೆಂದು ಸೂಚಿಸಿ ೫೫ ಡಿಗ್ರಿ ಕೋನದ ಸುತ್ತನ್ನು ಬಳಕೆಗೆ ತಂದನು. ಅಮೆರಿಕದ ವಿಲಿಯಂ ಸೆಲ್ಲರ್ಸ್ ೧೮೬೪ರಲ್ಲಿ ೬೦ ಡಿಗ್ರಿಯದನ್ನು ಸೂಚಿಸಿದನು. ಎರಡೂ ದೇಶದವರು ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿ ಹೋರಾಡಿದರೂ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಕೆನಡವನ್ನೂ ಕೂಡಿಕೊಂಡು ೧೯೪೮ರಲ್ಲಿ ರಾಜಿಯಾಯಿತು. ೧೯೪೦ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪು ಅಂಗುಲದ ಲೆಕ್ಕದ್ದು. ೧೯೫೬ರ ಕಾಯಿದೆಯಿಂದ ನಾವು ಮೆಟ್ರಿಕ್ ಮಾನವನ್ನು ಒಪ್ಪಿದೆವು. ಆದುದರಿಂದ ಹಳೆಯ ಗಾಡಿಯೊಂದರಲ್ಲಿ ಮೂಲದ ಅಂಗುಲದ ಬೋಲ್ಟೂ, ಆಮೇಲೆ ಹಾಕಿದ ಮಿಲಿಮೀಟರಿನ ಬೋಲ್ಟೂ ನೆರೆಹೊರೆಯಲ್ಲಿ ಕುಳಿತಿರುವುದುಂಟು. ಅರ್ಧ ಅಂಗುಲವೆಂದರೆ ೧೨.೭ ಮಿ.ಮೀ. ಅದಕ್ಕೆ ೧೩ರ ಸ್ಪಾನರು ಕೂತಂತೆ ತೋರುವುದು; ಜಗ್ಗಿದೊಡನೆ ನಟ್ಟಿನ ಮೂಲೆಗಳನ್ನು ಸವೆಸಿ ಉರುಟು ಮಾಡುವುದು. ಮುಕ್ಕಾಲು ಅಂಗುಲ ೧೯.೦೫ ಆದುದರಿಂದ ಅಲ್ಲಿ ೧೯ರದು ಒಪ್ಪುತ್ತದೆ. ಬಿಗಿದ ನಟ್ಟಿಗೆ ಬಾಯಿ ತೆರೆದ ಸ್ಪಾನರನ್ನು ಹಾಕಬಾರದು. ಅದು ಎರಡೇ ಮುಖಗಳನ್ನು ಹಿಡಿದು, ಬಲ ಬಿದ್ದಾಗ ಬಾಯಿ ಅಗಲಿಸುವುದು. ಆರು ಮೂಲೆಯ ಸಾಕೆಟ್ಟು ಅಥವಾ ರಿಂಗು ಸ್ಪಾನರು ಬೇಕು. ತುಕ್ಕಿನ ಪೊರೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದ ಮೇಲೆ, ಸಾಕೆಟ್ಟನ್ನು ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು ಪೂರ್ತಿಯಾಗಿ ಕೂರಿಸಬೇಕು.

ತಿರುಗಿಸುವ ದಿಕ್ಕೂ ಯೋಚಿಸತಕ್ಕದ್ದೇ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಡುತ್ತದೆ. ಎಲ್ಲ ಕಡೆಯೂ ಹಾಗಲ್ಲ. ಸೈಕಲ್ಲಿನ ಎಡಗಡೆಯ ಪೆಡಲು ಎದುರು ದಿಕ್ಕಿನ ತಿರುಪಿನದು; ನಮ್ಮ ವಿದ್ಯಾರ್ಥಿಗಳು ಇದನ್ನು ತಮ್ಮ ಸೈಕಲ್ಲಿನಲ್ಲಿಯೇ ಪರೀಕ್ಷಿಸಬಹುದು. ಹಳೆಯ ವಿಲ್ಲಿಸ್ ಜೀಪುಗಳ ಎಡಗಾಲಿಗಳ ನಟ್ಟುಗಳೂ ಹೀಗೆಯೇ. ಗೊತ್ತಿಲ್ಲದವನು ಬಿಚ್ಚುತ್ತಿದ್ದೇನೆಂದು ಭ್ರಮಿಸಿ ಬಿಗಿಯುತ್ತಲೇ ಹೋಗುವನು. ಬೋಲ್ಟಿನ ಹೊರತುದಿಯ ಸುತ್ತುಗಳ ಓರೆಯನ್ನು ಕಣ್ಣಿಟ್ಟು ನೋಡಿದರೆ ಸಂದೇಹ ಪರಿಹಾರವಾಗುವುದು.

ಎಣ್ಣೆಯ ಮಾತಿಗೆ ಬರೋಣ. ತುಕ್ಕಿನ ಸಂದಿಗೆ ಎಣ್ಣೆ ಇಳಿಯುವುದು ಹಣತೆಯ ಬತ್ತಿಯಲ್ಲಿ ಎಣ್ಣೆ ಏರುವ ನಿಯಮದಿಂದಲೇ. ಸಂದು ಎಷ್ಟು ಕಿರಿದೋ ಎಳೆತ ಅಷ್ಟು ಹೆಚ್ಚು. ಆದರೆ ದ್ರವ ತೆಳ್ಳಗಿರಬೇಕು. ಮಂದವಾದ ಗ್ರೀಸು ಹೊರಗೇ ಕುಳಿತಿರುತ್ತದೆ. ಹಿಂದೆ ಸೀಮೆಎಣ್ಣೆಗೆ ತುಸು ಇಂಜಿನ್ ಎಣ್ಣೆಯನ್ನು ಬೆರೆಸಿ ಬಿಡುತ್ತಿದ್ದರು. ಸೀಮೆಎಣ್ಣೆ ಈಗ ಮೊದಲಿನಷ್ಟು ಸುಲಭವಾಗಿ ಸಿಗದು. ಡೀಸೆಲ್ಲನ್ನೋ ಡಬ್ಬಿಯ ಸಿಂಪಡಿಕೆಯನ್ನೋ ಬಳಸುವರು. ಆ ಡಬ್ಬಿಗಳಲ್ಲಿ ಹೆಸರಾದ ಡಬ್ಲ್ಯು ಡಿ ೪೦ ಎಂಬುದು ೧೯೫೩ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮೊದಲಿಗೆ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ ನೀರನ್ನು ಹೊರದಬ್ಬಲು ಮಾಡಿದುದು, ೪೦ನೆಯ ಪ್ರಯತ್ನದಲ್ಲಿ ಸಿದ್ಧಿಸಿತೆಂದು ಆ ಹೆಸರು. ತುಕ್ಕಿನ ಸಂದಿಗೆ ಇಳಿಯಲೆಂದೇ ಮಾಡಿದ ಬೇರೆ ಎಣ್ಣೆಗಳೂ ಅಂಗಡಿಯಲ್ಲಿ ದೊರೆಯುತ್ತವೆ; ಅವು ಇದಕ್ಕಿಂತ ಉತ್ತಮ. ಯಾವುದಾದರೂ ಆಗಲಿ, ಅದರಲ್ಲಿ ಮುಖ್ಯವಾದ ಪದಾರ್ಥ ತಾಳ್ಮೆ. ಭಾನುವಾರ ಕೆಲಸವಿದ್ದರೆ ಶುಕ್ರವಾರ ಸಂಜೆಯೇ ಬ್ರಷ್ಷಿನಿಂದ ಉಜ್ಜಿ ಎಣ್ಣೆ ಬಿಡಬೇಕು. ಶನಿವಾರ ಎರಡು ಸಲ ಬಿಡಬೇಕು. ಪ್ರತಿ ಸಲವೂ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹತ್ತಾರು ಸಣ್ಣ ಪೆಟ್ಟುಗಳನ್ನು ಕೊಡಬೇಕು. ಆ ಅದಿರಾಟದಿಂದ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುವುದು. ಎರಡು ದಿನದ ಎಣ್ಣೆ ಎರಡು ಗಂಟೆಯ ಜಗ್ಗಾಟವನ್ನು ತಪ್ಪಿಸುವುದು ನಾವು ಕಂಡ ಮಾತು.

ಬಿಚ್ಚುವ ದಿನ ಮೊದಲ ಪ್ರಯತ್ನ ಬಿಗಿಯುವ ಕಡೆಗೇ ಆಗಲಿ. ವಿಚಿತ್ರವೆನಿಸಬಹುದು, ಆದರೆ ಕೂದಲೆಳೆಯಷ್ಟು ಬಿಗಿದರೂ ತುಕ್ಕಿನ ಹಿಡಿತ ಒಡೆಯುವುದು. ಬಳಿಕ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ ಅದರ ಅರ್ಧ, ನಡುವೆ ಎಣ್ಣೆ. ನಟ್ಟು ಬರುತ್ತಿದೆ ಎಂದು ಒಂದೇ ಸಮನೆ ತಿರುಗಿಸಿದರೆ ಪುಡಿಯಾದ ತುಕ್ಕು ಮುಂದಿನ ಸುತ್ತುಗಳಲ್ಲಿ ಅಡಕವಾಗಿ ಮೊದಲಿಗಿಂತ ಬಿಗಿಯಾಗುವುದು. ಮಧ್ಯದಲ್ಲಿ ಬೋಲ್ಟು ಮುರಿಯುವುದು ಹೆಚ್ಚಾಗಿ ಈ ಅವಸರದಿಂದಲೇ.

ಸ್ಪಾನರಿಗೆ ಕೊಳವೆಯನ್ನು ತೊಡಿಸಿ ಉದ್ದ ಮಾಡುವುದು ಎಲ್ಲರಿಗೂ ತಿಳಿದ ಉಪಾಯ. ಏತದ ಉದ್ದ ಮರ ಭಾರವಾದ ಬಾನಿಯನ್ನು ಎತ್ತಿದುದೂ, ಸನ್ನೆಕೋಲು ಬಂಡೆಯನ್ನು ಉರುಳಿಸುವುದೂ ಇದೇ ತತ್ತ್ವದಿಂದ. ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದರೆ ತಿರುಗಿಸುವ ಶಕ್ತಿ ಬರುವುದು. ೨೫ ಸೆಂ.ಮೀ. ಹಿಡಿಯನ್ನು ೨೦ ಕಿಲೋ ಬಲದಿಂದ ಎಳೆದರೆ ೫ ಕಿಲೋಗ್ರಾಂ-ಮೀಟರು. ಅದೇ ಬಲ ೭೫ ಸೆಂ.ಮೀ. ಕೊಳವೆಯ ತುದಿಯಲ್ಲಿ ೧೫ ಆಗುವುದು. ಇದನ್ನು ಬೋಲ್ಟಿನ ಸಾಮರ್ಥ್ಯದೊಡನೆ ಹೋಲಿಸಬೇಕು. ಬೋಲ್ಟಿನ ತಲೆಯ ಮೇಲೆ ೮.೮ ಎಂದು ಮುದ್ರೆ ಇರುವುದನ್ನು ನೋಡಿರಬಹುದು. ಮೊದಲಿನ ೮ ಎಂದರೆ ಒಂದು ಚದರ ಮಿ.ಮೀ.ಗೆ ೮೦೦ ನ್ಯೂಟನ್ (ಸುಮಾರು ೮೦ ಕಿಲೋ) ಎಳೆತಕ್ಕೆ ತುಂಡಾಗುವುದೆಂದೂ, ಎರಡನೆಯ ೮ ಎಂದರೆ ಅದರ ಹತ್ತರಲ್ಲಿ ಎಂಟು ಪಾಲಿಗೆ, ಅಂದರೆ ೬೪೦ ನ್ಯೂಟನ್ನಿಗೆ, ಹಿಗ್ಗಿ ಮತ್ತೆ ಮೊದಲಿನಂತಾಗದೆ ಹೋಗುವುದೆಂದೂ ಅರ್ಥ. ೧೨ ಮಿ.ಮೀ.ನ ಇಂತಹ ಬೋಲ್ಟನ್ನು ಬಿಗಿಯಬೇಕಾದುದು ಸುಮಾರು ೮ ಕಿಲೋಗ್ರಾಂ-ಮೀಟರಿನಷ್ಟು. ಆ ಕೊಳವೆಯ ತುದಿಗೆ ಒಬ್ಬ ಮನುಷ್ಯ ತನ್ನ ೬೦ ಕಿಲೋ ತೂಕವನ್ನೆಲ್ಲ ಹೇರಿದರೆ ೪೫ ಆಗುವುದು. ಬೋಲ್ಟು ಬೆಂಡಿನಂತೆ ಮುರಿಯದೆ ಇನ್ನೇನು? ದಪ್ಪ ಬೋಲ್ಟುಗಳಿಗೆ ಕೊಳವೆ ಸರಿ, ತೆಳುವಾದವಕ್ಕೆ ಬೇಡ. ತಳ್ಳುವುದಕ್ಕಿಂತ ತನ್ನ ಕಡೆಗೆ ಎಳೆಯುವುದು ಕ್ಷೇಮ. ಜಾರಿದಾಗ ಗೆಣ್ಣುಗಳು ಉಳಿಯುವುವು.

ಎಣ್ಣೆಗೂ ಸನ್ನೆಗೂ ಬಗ್ಗದಿದ್ದುದು ಬೆಂಕಿಗೆ ಬಗ್ಗುವುದು. ಇದರ ಶಾಸ್ತ್ರವನ್ನು ನಮ್ಮ ಹಳ್ಳಿಯ ಕಮ್ಮಾರರು ತಲೆಮಾರುಗಳಿಂದ ಬಲ್ಲರು. ಎತ್ತಿನ ಬಂಡಿಯ ಮರದ ಗಾಲಿಗೆ ಹಳಿ ಕಟ್ಟುವುದನ್ನು ಈಗಿನ ಮಕ್ಕಳು ನೋಡಿರಲಾರರು, ಅಜ್ಜಂದಿರನ್ನು ಕೇಳಬಹುದು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಬೇಕೆಂದೇ ಸ್ವಲ್ಪ ಚಿಕ್ಕದಾಗಿ ಮಾಡಿ, ಬೆರಣಿಯ ಸುತ್ತುಬೆಂಕಿಯಲ್ಲಿ ಕಾಯಿಸಿ, ಉದ್ದ ಇಕ್ಕುಳಗಳಿಂದ ಮೂರು ನಾಲ್ಕು ಜನ ಎತ್ತಿ ಗಾಲಿಯ ಮೇಲೆ ಹಾಕಿ, ಸಮ್ಮಟಿಗೆಯಿಂದ ಕೂರಿಸಿ, ಒಡನೆಯೇ ನೀರು ಹುಯ್ಯುತ್ತಿದ್ದರು. ಕಬ್ಬಿಣವು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ೧೨ ಪಾಲು ಹಿಗ್ಗುವುದು. ೪ ಮೀಟರು ಸುತ್ತಳತೆಯ ಹಳಿಯನ್ನು ೫೦೦ ಡಿಗ್ರಿಯಷ್ಟು ಕಾಯಿಸಿದರೆ ೨೪ ಮಿ.ಮೀ. ಉದ್ದವಾಗುವುದು. ಆರಿದಾಗ ಅಷ್ಟೂ ಕುಗ್ಗಿ ಅರೆಕಾಲುಗಳ ಕೀಲುಗಳನ್ನೆಲ್ಲ ಒಂದಾಗಿ ಬಿಗಿಯುವುದು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು: ನಟ್ಟನ್ನು ಕಾಯಿಸಿದರೆ ಅದರ ರಂಧ್ರ ದೊಡ್ಡದಾಗುವುದೋ, ಲೋಹ ಒಳಮುಖವಾಗಿ ಹಿಗ್ಗಿ ಚಿಕ್ಕದಾಗುವುದೋ? ಹಳಿಯೇ ಉತ್ತರ. ನಟ್ಟು ಒಂದು ಚಿಕ್ಕ ದಪ್ಪ ಹಳಿಯಷ್ಟೆ. ಅದರ ರಂಧ್ರವೂ ಹಿಗ್ಗುವುದು. ೧೬ ಮಿ.ಮೀ. ರಂಧ್ರ ೩೦೦ ಡಿಗ್ರಿಗೆ ಸುಮಾರು ೦.೦೬ ಮಿ.ಮೀ. ಹಿಗ್ಗುವುದು, ಎಂದರೆ ಒಂದು ತಲೆಗೂದಲಿನ ದಪ್ಪ. ಅಷ್ಟರಿಂದಲೇ ತುಕ್ಕು ಬಿರುಕು ಬಿಡುವುದು. ಆದುದರಿಂದ ಕಾಯಿಸಬೇಕಾದುದು ನಟ್ಟನ್ನು, ಬೋಲ್ಟನ್ನಲ್ಲ. ಕಾದ ನಟ್ಟಿನ ಅಂಚಿಗೆ ಮೇಣದ ಬತ್ತಿಯನ್ನು ತಾಗಿಸಿದರೆ ಮೇಣ ಕರಗಿ ಸಂದಿನೊಳಗೆ ಹರಿಯುವುದು. ಇದೂ ಒಳ್ಳೆಯ ಉಪಾಯ.

ಆದರೆ ಬೆಂಕಿಯಷ್ಟು ಉಪಕಾರಿಯೂ ಅಪಾಯಕಾರಿಯೂ ಆದುದು ಈ ಕೆಲಸದಲ್ಲಿ ಮತ್ತೊಂದಿಲ್ಲ. ಎಣ್ಣೆ ಸಿಂಪಡಿಸಿದ ಜಾಗಕ್ಕೆ ಜ್ವಾಲೆ ಹಿಡಿಯಬಾರದು. ಮೊದಲು ಪೂರ್ತಿ ಒರಸಬೇಕು. ಬ್ರೇಕಿನ ಕೊಳವೆ, ಡೀಸೆಲ್ ಟಾಂಕಿ ಸಮೀಪದಲ್ಲಿದ್ದರೆ ಬೆಂಕಿಯ ಯೋಚನೆಯನ್ನೇ ಬಿಡಬೇಕು. ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆಯೂ, ಹಲವು ಬಗೆಯವುಗಳಲ್ಲಿ ಒತ್ತಿ ತುಂಬಿದ ಸಾರಜನಕವೂ ಇರುವುದು, ಕಾಯಿಸಿದರೆ ಸಿಡಿಯಬಲ್ಲದು. ಸತುವಿನ ಲೇಪದ ಬೋಲ್ಟು ಸುಟ್ಟ ಹೊಗೆ ಕುಡಿದವರಿಗೆ ಜ್ವರ ಬರುವುದು. ಇವೆಲ್ಲಕ್ಕಿಂತ ಕಣ್ಣಿಗೆ ಕಾಣದ ಕೇಡು ಇನ್ನೊಂದು: ಉಕ್ಕಿನ ಹದ. ೮.೮ರ ಬೋಲ್ಟು ಸುಮಾರು ೪೦೦ ಡಿಗ್ರಿಯನ್ನು ಮೀರಿ ಕಾದರೆ ಅದರ ಹದ ಕೆಡತೊಡಗುವುದು. ಮಂಕಾದ ಕೆಂಪು ತೋರಿತೆಂದರೆ ಆ ಮಿತಿಯನ್ನು ದಾಟಿದಂತೆಯೇ. ಹಾಗೆ ಕೆಂಪಾದ ನಟ್ಟು ಬೋಲ್ಟುಗಳನ್ನು ಗುಜರಿಗೆ ಹಾಕಬೇಕು. ಕಮಾನಿನ ಪಟ್ಟಿಗಂತೂ ಬೆಂಕಿಯನ್ನಾಗಲಿ ವೆಲ್ಡಿಂಗಿನ ಕಿಡಿಯನ್ನಾಗಲಿ ತಾಗಿಸಕೂಡದು. ಹದ ಹೋದ ಪಟ್ಟಿ ಅಂದು ಮುರಿಯದೆ, ಒಂದು ದಿನ ಕಡಲೆಕಾಯಿಯ ಮೂಟೆಗಳೊಡನೆ ಇಳಿಜಾರಿನಲ್ಲಿ ಮುರಿಯುವುದು.

ಕಾರಿನ ಅಥವಾ ಜೀಪಿನ ಬುಷ್ಷನ್ನು ಬದಲಾಯಿಸಹೊರಟವರಿಗೆ ಒದಗುವ ತೊಂದರೆ ಬೇರೆ ತೆರನಾದುದು. ಇಲ್ಲಿ ನಟ್ಟು ಸುಲಭವಾಗಿ ಬಂದುಬಿಡುವುದು, ಬೋಲ್ಟು ಮಾತ್ರ ಹೊರಬಾರದು. ರಬ್ಬರಿನ ಬುಷ್ಷಿನ ನಡುವೆ ಒಂದು ಉಕ್ಕಿನ ತೋಳು ಇದೆ. ಬೋಲ್ಟು ಅದರೊಳಗೆ ಹಾಯ್ದಿದೆ. ಬೋಲ್ಟಿಗೂ ತೋಳಿಗೂ ನಡುವೆ ನೀರಿಳಿದು ತುಕ್ಕು ಬೆಸೆದಿರುವುದು. ಬೋಲ್ಟನ್ನು ತಿರುಗಿಸಿದರೆ ತಿರುಗಿದಂತೆ ತೋರಿ, ಕೈ ಬಿಟ್ಟೊಡನೆ ಹಿಂದಕ್ಕೆ ಸರಿಯುವುದು. ತಿರುಗಿದುದು ರಬ್ಬರು! ಹೀಗೆ ಹಿಂದಕ್ಕೆ ಸರಿಯಿತೆಂದರೆ ರೋಗ ಇದೇ ಎಂದು ತಿಳಿಯಬೇಕು. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗುವಷ್ಟು ಮತ್ತೆ ಹಾಕಿ, ಅದರ ಮೇಲೆ ಸುತ್ತಿಗೆಯಿಂದ ಹೊಡೆಯಬೇಕು. ನಟ್ಟಿಲ್ಲದೆ ಹೊಡೆದರೆ ತುದಿ ಅರಳಿ ತಿರುಪು ಕೆಡುವುದು. ತಿರುಗಿಸುವುದು, ಹೊಡೆಯುವುದು, ಎಣ್ಣೆ ಬಿಡುವುದು ಇವನ್ನು ಸರದಿಯಲ್ಲಿ ಮಾಡಬೇಕು. ಅರ್ಧ ದಿನಕ್ಕೂ ಬಾರದಿದ್ದರೆ ಬುಷ್ಷಿನ ಎರಡೂ ಬದಿಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಬೋಲ್ಟನ್ನು ಕೊಯ್ಯುವುದೇ ಮಾರ್ಗ. ಬುಷ್ಷು ಹೇಗೂ ಹೊಸದು ಬರುವುದಿದೆ. ರಬ್ಬರನ್ನು ಸುಟ್ಟು ತೆಗೆಯುವ ಪದ್ಧತಿ ಕೆಲವು ಕಡೆ ಇದೆ. ಆ ಹೊಗೆ ವಿಷ, ಮನೆಯ ಅಂಗಳದಲ್ಲಿ ಅದಕ್ಕೆ ಎಡೆಯಿಲ್ಲ.

ಯು ಬೋಲ್ಟಿನ ವಿಷಯದಲ್ಲಿ ಇಷ್ಟು ಸೆಣಸಾಟ ಅನಾವಶ್ಯಕ. ಅದು ಒಮ್ಮೆ ಬಿಗಿದಾಗ ಹಿಗ್ಗಿರುವುದು. ಬಿಚ್ಚಿದ ಮೇಲೆ ಹೊಸದನ್ನೇ ಹಾಕತಕ್ಕದ್ದು. ಹಾಗಿರುವಾಗ ಉಕ್ಕಿನ ಚಾಣದಿಂದ ನಟ್ಟನ್ನು ಸೀಳಿಯೋ ಕೊಯ್ದೋ ತೆಗೆದರೆ ನಷ್ಟವೇನು? ಚಾಣ ಹೊಡೆಯುವಾಗ ಮಾತ್ರ ಕಣ್ಣಿಗೆ ಕನ್ನಡಕವಿರಲಿ. ಅರಳಿದ ತಲೆಯ ಚಾಣದಿಂದ ಹಾರುವ ಚೂರು ಕಣ್ಣನ್ನು ಕಳೆಯುವುದು. ಸೆಂಟರ್ ಬೋಲ್ಟನ್ನು ಬಿಚ್ಚುವ ಮುನ್ನ ಪಟ್ಟಿಗಳ ಕಟ್ಟನ್ನು ಎರಡು ಕಡೆ ಕ್ಲಾಂಪಿನಿಂದ ಬಿಗಿಹಿಡಿದಿರಬೇಕು, ಏಕೆಂದರೆ ಅವು ಒತ್ತಿ ಕೂಡಿಸಿದವು. ಬಿಟ್ಟೊಡನೆ ಸಿಡಿದು ಬೇರೆಯಾಗುವುವು. ಕಾರಿನ ಮುಂಗಾಲಿಯ ಸುರುಳಿ ಸ್ಪ್ರಿಂಗನ್ನು ಹಿಡಿದಿರುವ ನೆತ್ತಿಯ ನಟ್ಟಿನ ವಿಚಾರದಲ್ಲಿ ನಮ್ಮ ಅಭಿಪ್ರಾಯ ಖಚಿತ: ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವಿಲ್ಲದವರು ಅದನ್ನು ಮುಟ್ಟಲೇಬಾರದು. ಅಲ್ಲಿ ನೂರಾರು ಕಿಲೋ ಬಲ ಬಂಧನದಲ್ಲಿದೆ. ನಟ್ಟು ಬಿಡಲೊಲ್ಲದೆ ಹಟ ಮಾಡಿದರೆ ಅದು ಪುಣ್ಯವೆಂದೇ ಬಗೆದು ಗ್ಯಾರೇಜಿಗೆ ಒಯ್ಯಬೇಕು. ಹಾಗೆಯೇ ಬೋಲ್ಟು ರಂಧ್ರದೊಳಗೆ ಮುರಿದು ಕುಳಿತರೆ ಅದರ ನಟ್ಟನಡುವೆ ಡ್ರಿಲ್ ಮಾಡುವುದು ಪಳಗಿದ ಕೈಯ ಕೆಲಸ. ಓರೆಯಾದರೆ ಬೋಲ್ಟಿನ ಜೊತೆಗೆ ರಂಧ್ರವೂ ಕೆಡುವುದು. ಲೇತು ಇರುವ ಕಾರ್ಖಾನೆಯವರಿಗೆ ಬಿಡುವುದು ಲೇಸು.

ಬಿಚ್ಚಿದ ಸಾಮಾನುಗಳನ್ನು ಶುಚಿಮಾಡಲು ಹಿಂದೂಪುರದವರು ದೂರ ಹೋಗಬೇಕಿಲ್ಲ. ಆ ಊರು ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದುದು. ಹಿತ್ತಾಳೆಯ ಚೊಂಬನ್ನು ಬೆಳಗುವ ಹುಣಸೆಯ ಹುಳಿಯೇ ತುಕ್ಕನ್ನೂ ಕರಗಿಸುವುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವು ತುಕ್ಕಿನ ಕಬ್ಬಿಣದೊಡನೆ ಕೂಡಿ ನೀರಿನಲ್ಲಿ ಕರಗುವ ಪದಾರ್ಥವಾಗುತ್ತದೆ. ವಾಷರು, ಶಾಕಲ್ಲಿನ ತಟ್ಟೆ, ಕೊಂಡಿಗಳು ಮೊದಲಾದವನ್ನು ಹಳೆಯ ಹುಣಸೆಯ ಗಟ್ಟಿ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಉಜ್ಜಿ, ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಎಣ್ಣೆ ಸವರಬೇಕು. ತೊಳೆಯದೆ ಬಿಟ್ಟರೆ ಹುಳಿಯೇ ಹೊಸ ತುಕ್ಕನ್ನು ತರುವುದು. ಗಡಸಾದ ೧೦.೯ರ ಬೋಲ್ಟು, ಕಮಾನಿನ ಪಟ್ಟಿ ಇವನ್ನು ಮಾತ್ರ ಹುಳಿಯಲ್ಲಿ ಹಾಕಬಾರದು. ಆಮ್ಲದಿಂದ ಹೊರಡುವ ಜಲಜನಕವು ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುವುದು.

ಮತ್ತೆ ಜೋಡಿಸುವಾಗ ಮುಂದಿನ ಸಲ ಬಿಚ್ಚುವವನನ್ನು ನೆನೆಯಬೇಕು. ಬಂಡಿಯ ಅಚ್ಚಿಗೆ ಹಿರಿಯರು ಕೀಲೆಣ್ಣೆ ಹಾಕುತ್ತಿದ್ದಂತೆ, ಬುಷ್ಷಿನ ತೋಳಿನೊಳಗೆ ಹಾಯುವ ಬೋಲ್ಟಿನ ನಯವಾದ ಮೈಗೆ ತೆಳುವಾಗಿ ಗ್ರೀಸು ಸವರಬೇಕು. ತಿರುಪಿನ ಸುತ್ತುಗಳಿಗೂ ಗಾಲಿಯ ನಟ್ಟುಗಳಿಗೂ ಗ್ರೀಸು ಬಳಿಯುವುದು ಸರಿಯಲ್ಲ. ಉಜ್ಜಾಟ ತಗ್ಗಿದುದರಿಂದ ಅದೇ ಬಲಕ್ಕೆ ಬೋಲ್ಟು ಮಿತಿಮೀರಿ ಹಿಗ್ಗುವುದು. ೨೦೧೯ರಿಂದ ಪೆನುಗೊಂಡೆಯ ಬಳಿ ಕಾರುಗಳನ್ನು ತಯಾರಿಸುತ್ತಿರುವ ಕಿಯಾ ಕಾರ್ಖಾನೆಯಂತಹ ಕಡೆಗಳಲ್ಲಿ ಬಿಗಿತವನ್ನು ಯಂತ್ರಗಳೇ ಅಳೆಯುವುವು. ನಮ್ಮ ಅಂಗಳದಲ್ಲಿ ಅದಕ್ಕಾಗಿ ಟಾರ್ಕ್ ಸ್ಪಾನರು ಬೇಕು. ನಾಲ್ಕಾರು ಮನೆಯವರು ಕೂಡಿ ಒಂದನ್ನು ಕೊಂಡರೆ ಸಾಕು.

ರಬ್ಬರಿನ ಬುಷ್ಷುಗಳ ಬೋಲ್ಟನ್ನು ಗಾಡಿ ದಿಮ್ಮಿಗಳ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಆಗ ಗಾಲಿ ಜೋಲುಬಿದ್ದಿರುವುದು. ಗಾಡಿ ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು, ಸದಾ ಆ ತಿರುಚಿನಲ್ಲಿಯೇ ಇದ್ದು, ಬೇಗ ಹರಿಯುವುದು. ಸಡಿಲವಾಗಿ ಕೂರಿಸಿ, ಗಾಡಿಯನ್ನು ಇಳಿಸಿ, ಒಂದೆರಡು ಸಲ ಒತ್ತಿ ಕುಲುಕಿ, ತನ್ನ ಭಾರದ ಮೇಲೆ ನಿಂತಾಗ ಬಿಗಿಯಬೇಕು. ಹೊಸ ಯು ಬೋಲ್ಟುಗಳು ಮೊದಲ ಓಡಾಟದಲ್ಲಿ ಸ್ವಲ್ಪ ಸಡಿಲುವುವು. ಒಂದೆರಡು ನೂರು ಕಿಲೋಮೀಟರು ಓಡಿದ ಮೇಲೆ, ಅಥವಾ ಕಲ್ಯಾಣದುರ್ಗದ ಪೇಟೆಗೆ ಎರಡು ಮೂರು ಸಲ ಹೇರು ಹೊತ್ತು ಬಂದ ಮೇಲೆ, ಮತ್ತೆ ಬಿಗಿಯಬೇಕು. ಬಿಗಿದ ಕೂಡಲೆ ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಬಿಳಿಯ ಬಣ್ಣದ ಒಂದು ಗೆರೆಯನ್ನು ಎಳೆದಿಡಿರಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ನಟ್ಟು ಸಡಿಲಿದೆ ಎಂದು, ಶಾಲೆಗೆ ಹೊರಡುವ ಮೊದಲು ನಿಂತ ಗಾಡಿಯ ಪಕ್ಕದಲ್ಲಿ ಬಗ್ಗಿ ನೋಡಿದ ಬಾಲಕಿಯೂ ಹೇಳಬಲ್ಲಳು.